ಅಂತೆ-ಕಂತೆ ಬದಿಗಿಟ್ಟು: ಮುಂಬೈಯಲ್ಲಿ ನನ್ನ ಭಾನುವಾರದ ನಡಿಗೆಗಳು

"ಆಂಟಿ, ಚರ್ಚ್‌ಗೇಟ್‌ನಲ್ಲಿ ಚರ್ಚೂ ಇಲ್ಲ, ಗೇಟೂ ಇಲ್ಲ. ಮತ್ಯಾಕೆ ಆ ಹೆಸರು?"

ಕೇಳಿದ್ದು ಪಕ್ಕದ ಮನೆಯ ಹತ್ತು ವರ್ಷದ ಹುಡುಗ. ನಾನು 26 ವರ್ಷ ಬೊರಿವಲಿಯಿಂದ ಚರ್ಚ್‌ಗೇಟ್‌ಗೆ ಲೋಕಲ್ ಹಿಡಿದು, ಫೋರ್ಟ್‌ನ ಆಫೀಸಿಗೆ ನಡೆದು ಹೋದವಳು. ಒಂದು ದಿನವೂ ಈ ಪ್ರಶ್ನೆ ಹೊಳೆದಿರಲಿಲ್ಲ. ಸುಮ್ನೆ "ಆಮೇಲೆ ಹೇಳ್ತೀನಿ ಮರಿ" ಅಂದು ಜಾರಿಕೊಂಡೆ.

ಉತ್ತರ ಹುಡುಕುವುದು ಕಷ್ಟವಾಗಲಿಲ್ಲ. ಫೋರ್ಟ್ ಅಂದರೆ ನಿಜಕ್ಕೂ ಕೋಟೆ. ಇಂಗ್ಲಿಷರ ಊರಿನ ಸುತ್ತ ಗೋಡೆ ಇತ್ತು, ಅದಕ್ಕೆ ಅಪೊಲೊ ಗೇಟ್, ಬಜಾರ್ ಗೇಟ್, ಚರ್ಚ್ ಗೇಟ್ ಎಂದು ಮೂರು ಬಾಗಿಲು. ಚರ್ಚ್ ಅಂದರೆ 1718ರಲ್ಲಿ ತೆರೆದ ಸೇಂಟ್ ಥಾಮಸ್ ಚರ್ಚ್. ಈಗಲೂ ಹಾರ್ನಿಮನ್ ಸರ್ಕಲ್ ಪಕ್ಕದಲ್ಲೇ ಇದೆ. ಅದರ ಕಡೆಗೆ ಹೋಗುವ ಬಾಗಿಲು ಇದ್ದದ್ದು ಈಗ ಫ್ಲೋರಾ ಫೌಂಟನ್ ಇರುವ ಜಾಗದಲ್ಲಿ. 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರೇರ್ ಕಾಲದಲ್ಲಿ ಗೋಡೆ ಕೆಡವಿದರು. ಬಾಗಿಲು ಹೋಯಿತು, ಹೆಸರು ಮಾತ್ರ ರೈಲ್ವೆ ಸ್ಟೇಷನ್ನಿಗೆ ಅಂಟಿಕೊಂಡಿತು.

ಹುಡುಗನನ್ನು ಕರೆದುಕೊಂಡು ಹೋಗಿ ತೋರಿಸಿದೆ. ಅವನ ಜೊತೆ ಅವನ ತಂಗಿ ಬಂದಳು, ಅಮ್ಮ ಬಂದಳು, ಅಮ್ಮನ ಗೆಳತಿ ಬಂದಳು. ನನ್ನ ಭಾನುವಾರದ ನಡಿಗೆ ಶುರುವಾದದ್ದು ಹೀಗೆ. ಬರುವವರು ಹೆಚ್ಚಾಗಿ ನಮ್ಮ ಕಡೆಯ ಕನ್ನಡದ ಮನೆಗಳವರು. ಮಕ್ಕಳಿಗೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಹಿಂದಿ-ಮರಾಠಿ. ಊರು ಯಾವುದು ಅಂದರೆ ಕುಂದಾಪುರ, ಕುಮಟಾ, ಧಾರವಾಡ ಅನ್ನುತ್ತವೆ. ಹುಟ್ಟಿ ಬೆಳೆದ ಮುಂಬೈ ಲೆಕ್ಕಕ್ಕೇ ಇಲ್ಲ!

ಮೊದಲ ದೊಡ್ಡ ನಡಿಗೆ ಪೂರ್ತಿ ನೆಲಕಚ್ಚಿತು. ಫೋರ್ಟ್‌ನಲ್ಲಿ ಹನ್ನೊಂದು ಜಾಗ, 22 ಜನ, ನನ್ನ ಕೈಯಲ್ಲಿ ಹದಿನಾಲ್ಕು ಪುಟದ ಟಿಪ್ಪಣಿ. ಮೂರು ಗಂಟೆ ನಾನೊಬ್ಬಳೇ ಮಾತಾಡಿದೆ. ಏಪ್ರಿಲ್ ತಿಂಗಳು ಬೇರೆ. ಟೌನ್ ಹಾಲ್ ಮೆಟ್ಟಿಲ ಮೇಲೆ ಒಂದು ಮಗು ನಿದ್ದೆ ಹೋಯಿತು. ಕೊನೆಗೆ "ಏನಾದರೂ ಕೇಳುವುದಿದೆಯಾ?" ಅಂದಾಗ ಬಂದದ್ದು ಎರಡೇ ಪ್ರಶ್ನೆ. ಒಂದು, ಇಡ್ಲಿ ಎಲ್ಲಿ ಸಿಗುತ್ತದೆ. ಇನ್ನೊಂದು ಚುಚ್ಚಿತು. ಒಬ್ಬ ಹುಡುಗಿಯ ತಂದೆ ಮೆತ್ತಗೆ ಕೇಳಿದರು, "ರಾಜಾಬಾಯಿ ಗೋಪುರದ ಕಥೆ ಹೇಳಿದಿರಲ್ಲ ಅಕ್ಕ, ಅದು ಎಲ್ಲಿ ಬರೆದಿದೆ?"

ಮುಂಬೈ ವಿಶ್ವವಿದ್ಯಾಲಯದ ಆ ಗಡಿಯಾರದ ಗೋಪುರ ಪೂರ್ತಿಯಾದದ್ದು 1878ರಲ್ಲಿ. ದುಡ್ಡು ಕೊಟ್ಟದ್ದು ಹತ್ತಿಯ ದೊಡ್ಡ ವ್ಯಾಪಾರಿ ಪ್ರೇಮಚಂದ್ ರಾಯಚಂದ್. ಹೆಸರು ಅವರ ತಾಯಿಯದು. ಇಷ್ಟು ಗಟ್ಟಿ. ಕಣ್ಣು ಕಾಣದ ತಾಯಿಗೆ ಹೊತ್ತು ತಿಳಿಯಲಿ ಎಂದು ಗಂಟೆ ಇಡಿಸಿದರು ಎಂಬುದು ಎಲ್ಲರೂ ಹೇಳುವ ಕಥೆ. ನಾನು ಎರಡನ್ನೂ ಒಂದೇ ಉಸಿರಿನಲ್ಲಿ, ಒಂದೇ ದನಿಯಲ್ಲಿ ಹೇಳಿಬಿಟ್ಟಿದ್ದೆ.

ಆ ರಾತ್ರಿ ಯೋಚಿಸಿದೆ. ನಮ್ಮ ಕನ್ನಡದಲ್ಲೇ ಇದಕ್ಕೆ ಮದ್ದು ಇದೆ ಅಲ್ವಾ? "ಇಡಿಸಿದರು" ಅಂದರೆ ಒಂದು, "ಇಡಿಸಿದರಂತೆ" ಅಂದರೆ ಇನ್ನೊಂದು. ಒಂದು "ಅಂತೆ" ಸೇರಿಸಿದರೆ ಸಾಕು, ಹೇಳುವವಳ ಹೊಣೆ ಎಷ್ಟು ಅಂತ ಕೇಳುವವರಿಗೆ ಗೊತ್ತಾಗುತ್ತದೆ. ಮುಂದಿನ ನಡಿಗೆಯಿಂದ ಇದನ್ನೇ ಆಟ ಮಾಡಿದೆ. ನಾನು ಏನಾದರೂ ಹೇಳಿದಾಗ ಮಕ್ಕಳು "ಅಂತೆಯಾ, ಇದೆಯಾ?" ಎಂದು ಕೂಗಬೇಕು. "ಇದೆ" ಅಂದರೆ ನಾನು ತೋರಿಸಬೇಕು. ಕಲ್ಲಲ್ಲಿ ಕೆತ್ತಿದ್ದೋ, ಹಳೆಯ ನಕ್ಷೆಯೋ, ಗೋಡೆಯ ಫಲಕವೋ ಏನಾದರೂ ಸರಿ. ತೋರಿಸಲು ಆಗದಿದ್ದರೆ ಅದು ಅಂತೆ.

ಅಂತೆ ಹೇಳಬಾರದು ಅಂತಲ್ಲ. ರಾಮ ಬಾಣ ಬಿಟ್ಟು ನೀರು ತರಿಸಿದ ಕಥೆ ಇಲ್ಲದೆ ವಾಲ್ಕೇಶ್ವರದ ಬಾಣಗಂಗೆ ಕೊಳ ಸಪ್ಪೆ. ಸಮುದ್ರದ ಮಗ್ಗುಲಲ್ಲೇ ಸಿಹಿನೀರು ಉಕ್ಕುವುದನ್ನು ನೋಡಿದವರು ಕಥೆ ಕಟ್ಟದೆ ಇರುತ್ತಾರಾ?

ಹನ್ನೊಂದು ಜಾಗ ನಾಲ್ಕಕ್ಕೆ ಇಳಿಯಿತು. ಜನ ಹದಿನೈದಕ್ಕಿಂತ ಜಾಸ್ತಿ ಬೇಡ. ಅದಕ್ಕಿಂತ ಹೆಚ್ಚಾದರೆ ಹಿಂದಿನವರಿಗೆ ಕೇಳಿಸುವುದಿಲ್ಲ, ಫುಟ್‌ಪಾತ್ ಸಾಲುವುದಿಲ್ಲ. ಬೆಳಿಗ್ಗೆ ಏಳಕ್ಕೆ ಶುರು, ಹತ್ತಕ್ಕೆ ಮುಗಿತಾಯ. ಹೋಗುವ ಹಿಂದಿನ ಭಾನುವಾರ ಅದೇ ದಾರಿಯಲ್ಲಿ ನಾನೊಬ್ಬಳೇ ನಡೆದು, ಶೌಚಾಲಯ ಎಲ್ಲಿದೆ, ಅದು ಭಾನುವಾರ ತೆರೆದಿರುತ್ತದಾ ಎಂದು ನೋಡಿ ಬರುತ್ತೇನೆ. ಇತಿಹಾಸದ ಪುಸ್ತಕ ಎಷ್ಟು ಓದಿದರೂ ಇದೊಂದು ತಪ್ಪಿದರೆ ಹೆಂಗಸರು, ಮಕ್ಕಳು ಮತ್ತೆ ಬರುವುದಿಲ್ಲ. ಒಮ್ಮೆ ಮಿನಿಬಸ್ ಗೊತ್ತುಮಾಡಿ ಮುಂಗಡ ಕೊಟ್ಟಿದ್ದೆ. ಆ ಬಸ್ಸೂ ಬರಲಿಲ್ಲ, ದುಡ್ಡೂ ಬರಲಿಲ್ಲ. ಅಂದಿನಿಂದ ಲೋಕಲ್ ಟ್ರೈನೇ ಗತಿ.

ಫೋರ್ಟ್‌ನಲ್ಲಿ ದೊಡ್ಡವರಿಗೆ ಹಿಡಿಸುವ ಮಾತು ಒಂದಿದೆ. ಮುಂಬೈ ಪೋರ್ಚುಗೀಸರಿಂದ ಇಂಗ್ಲೆಂಡಿನ ರಾಜನಿಗೆ ಮದುವೆಯ ಒಪ್ಪಂದದಲ್ಲಿ ಬಂತು. ಅವನು 1668ರಲ್ಲಿ ಅದನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಾಡಿಗೆಗೆ ಕೊಟ್ಟ. ಬಾಡಿಗೆ ವರ್ಷಕ್ಕೆ 10 ಪೌಂಡ್. ಇದನ್ನು ಹೇಳಿದಾಗ ಒಂದು ರೂಮು, ಅಡುಗೆಮನೆಗೆ ಬಾಡಿಗೆ ಕಟ್ಟುವವರ ಮುಖ ನೋಡಬೇಕು. "ಡಿಪಾಸಿಟ್ ಎಷ್ಟಿತ್ತಂತೆ?" ಎಂದು ಒಬ್ಬರು ಕೇಳಿಯೇ ಬಿಟ್ಟರು.

ನನಗೆ ಅತಿ ಇಷ್ಟವಾದ ಜಾಗ ಫೋರ್ಟ್ ಅಲ್ಲ, ಕನ್ಹೇರಿ. ಬೊರಿವಲಿಯ ಸಂಜಯ್ ಗಾಂಧಿ ನ್ಯಾಷನಲ್ ಪಾರ್ಕ್ ಒಳಗೆ, ಗೇಟಿನಿಂದ ಆರೇಳು ಕಿಲೋಮೀಟರ್ ಕಾಡಿನ ದಾರಿ. ಒಳಗೆ ಬಸ್ಸು ಸಿಗುತ್ತದೆ. ಪಾರ್ಕಿನ ಟಿಕೆಟ್ ಬೇರೆ, ಗುಹೆಯ ಟಿಕೆಟ್ ಬೇರೆ. ಸೋಮವಾರ ರಜೆ. ಕರಿಕಲ್ಲಿನ ಗುಡ್ಡದಲ್ಲಿ ನೂರಕ್ಕೂ ಹೆಚ್ಚು ಗುಹೆಗಳಿವೆ, ಬೌದ್ಧ ಭಿಕ್ಷುಗಳಿಗಾಗಿ ಸಾವಿರ ವರ್ಷ ಕೊರೆದದ್ದು. ಅದರಲ್ಲಿ ನಾನು ತೋರಿಸುವುದು ಐದೇ. ಪಾಂಡವರು ಒಂದೇ ರಾತ್ರಿಯಲ್ಲಿ ಕೊರೆದರಂತೆ ಎಂದು ಯಾರೋ ಹೇಳುತ್ತಾರೆ. "ಅಂತೆ!" ಎಂದು ಮಕ್ಕಳು ಗುಡ್ಡ ಹಾರುವ ಹಾಗೆ ಕೂಗುತ್ತವೆ.

ಮೂರನೇ ಗುಹೆಯ ದೊಡ್ಡ ಚೈತ್ಯದಲ್ಲಿ, ಅಂದರೆ ಬೌದ್ಧರ ಪೂಜೆಯ ಮಂಟಪದಲ್ಲಿ, ಬುದ್ಧನ ಎತ್ತರದ ಮೂರ್ತಿಗಳನ್ನು ನಾನು ತೋರಿಸಬೇಕಾಗಿಲ್ಲ, ಅವೇ ಕಣ್ಣಿಗೆ ಬೀಳುತ್ತವೆ. ಮಕ್ಕಳಿಗೆ ಕೊಡುವ ಕೆಲಸ ಬೇರೆ, ಕೆತ್ತುವವರು ಅರ್ಧಕ್ಕೆ ಬಿಟ್ಟ ಕಂಬ ಹುಡುಕಿ ಅಂತ. ಕೆಲವು ಕಂಬಗಳಿಗೆ ತುದಿಯಲ್ಲಿ ಆನೆ, ಜನ ಎಲ್ಲ ಇದ್ದಾರೆ. ಕೆಲವು ಬರೀ ಬೋಳು ಎಂಟು ಮುಖದ ಕಂಬ. ಯಾಕೆ ಬಿಟ್ಟರು ಎಂಬ ಜಗಳ ಅರ್ಧ ಗಂಟೆ ನಡೆಯುತ್ತದೆ. ಸಂಬಳ ಕೊಟ್ಟಿರಲಿಕ್ಕಿಲ್ಲ ಎಂಬುದು ಮಕ್ಕಳ ಬಹುಮತದ ತೀರ್ಮಾನ.

ಆಮೇಲೆ ನೀರು. ಗುಹೆಗಳ ಮುಂದೆ ಬಂಡೆಯಲ್ಲೇ ಕೊರೆದ ತೊಟ್ಟಿಗಳಿವೆ. ಗುಡ್ಡದ ಮೇಲೆ ಬಿದ್ದ ಮಳೆ ನೀರು ಅಲ್ಲಿಗೆ ಹರಿಯುವ ಹಾಗೆ ಕಾಲುವೆ ಕಡಿದಿದ್ದಾರೆ. ಇದನ್ನು ಬಾಯಲ್ಲಿ ಹೇಳಿದರೆ ಯಾರ ತಲೆಗೂ ಹೋಗುವುದಿಲ್ಲ. ಒಮ್ಮೆ ನನ್ನ ಬಾಟಲಿಯ ನೀರನ್ನು ಬಂಡೆಯ ಮೇಲಿನ ಸಣ್ಣ ಕಾಲುವೆಗೆ ಸುರಿದು, "ಹಿಂದೆ ಹೋಗಿ, ಎಲ್ಲಿಗೆ ಮುಟ್ಟುತ್ತೆ ನೋಡಿ" ಅಂದೆ. ಆರು ಮಕ್ಕಳು ನೀರಿನ ಹಿಂದೆ ಬಗ್ಗಿಕೊಂಡು ಓಡಿದವು. ನೀರು ನಡುವೆಯೇ ಬಂಡೆ ಕುಡಿದು ಮುಗಿಯಿತು. ಇನ್ನೊಂದು ಬಾಟಲಿ ಸುರಿದರು, ಮತ್ತೊಂದು ಸುರಿದರು. ಕಾವಲಿನವರು ಬಂದು ಏನು ನಡೀತಿದೆ ಇಲ್ಲಿ ಎಂದು ಮರಾಠಿಯಲ್ಲಿ ಗದರಿದರು. ವಿಷಯ ಕೇಳಿದ ಮೇಲೆ ನಕ್ಕು, "ಜುಲೈಯಲ್ಲಿ ಬನ್ನಿ, ಬಾಟಲಿ ಬೇಕಾಗಲ್ಲ" ಅಂದರು. ಹೋದೆವು. ಕಾಲುವೆ ತುಂಬಿ ಹರಿಯುತ್ತಿತ್ತು. ಮೆಟ್ಟಿಲು ಜಾರುತ್ತದೆ, ಒಳ್ಳೆಯ ಹಿಡಿತದ ಚಪ್ಪಲಿ ಬೇಕು. ಆದರೂ ಕನ್ಹೇರಿ ನೋಡುವುದಾದರೆ ಮಳೆಗಾಲದಲ್ಲೇ ನೋಡಬೇಕು.

ಕೊನೆಗೆ ದರ್ಬಾರ್ ಗುಹೆ. ಉದ್ದಕ್ಕೆ ಎರಡು ತಗ್ಗಿನ ಕಲ್ಲಿನ ಕಟ್ಟೆಗಳು, ಥೇಟ್ ನಮ್ಮ ಪಂಕ್ತಿ ಊಟದ ಹಾಗೆ. ಇಲ್ಲಿ ಶಕ 775ರ, ಅಂದರೆ ಕ್ರಿ.ಶ. 853ರ ಶಾಸನವೊಂದಿದೆ. ಅದರಲ್ಲಿ ರಾಷ್ಟ್ರಕೂಟ ರಾಜ ಅಮೋಘವರ್ಷನ ಹೆಸರು, ಅವನ ಕೈಕೆಳಗೆ ಕೊಂಕಣ ಆಳುತ್ತಿದ್ದ ಶಿಲಾಹಾರ ಕಪರ್ದಿಯ ಹೆಸರು ಬರುತ್ತವೆ. ಅಮೋಘವರ್ಷ ಅಂದರೆ ಯಾರು? ನಮ್ಮ ನೃಪತುಂಗ. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಕೂತು ಆಳಿದವನು. ಅವನ ಹೆಸರು ಬೊರಿವಲಿಯ ಗುಡ್ಡದಲ್ಲಿ! ಮೊದಲ ಸಲ ಇದನ್ನು ಹೇಳುವಾಗ ನನ್ನ ಗಂಟಲೇ ಕಟ್ಟಿತು. ಆದರೆ ಮಕ್ಕಳಿಗೆ ರಾಜನ ಹೆಸರಿಗಿಂತ ಹಿಡಿಸಿದ್ದು ಶಾಸನದ ಒಳಗಿನ ಸಂಗತಿ. ವಿಹಾರದ, ಅಂದರೆ ಭಿಕ್ಷುಗಳು ಇರುವ ಜಾಗದ, ರಿಪೇರಿಗೆ ಮತ್ತು ಪುಸ್ತಕ ಕೊಳ್ಳಲು ದುಡ್ಡು ಬಿಟ್ಟ ದಾಖಲೆ ಅದು. "ಪುಸ್ತಕ ಕೊಳ್ಳೋಕೆ ದುಡ್ಡಾ? ಆಗ್ಲೂ ಬುಕ್ ಲಿಸ್ಟ್ ಇತ್ತಾ?" ಎಂದು ಒಬ್ಬಳು ಕಂಗಾಲಾದಳು.

ಇನ್ನೊಂದು ಗುಹೆಯಲ್ಲಿ ಸಾವಿರ ವರ್ಷದ ಹಿಂದೆ, 1009 ಮತ್ತು 1021ರಲ್ಲಿ, ನೋಡಲು ಬಂದ ಪಾರ್ಸಿಗಳು ಹಳೆಯ ಪರ್ಷಿಯಾದ ಪಹ್ಲವಿ ಭಾಷೆಯಲ್ಲಿ ತಮ್ಮ ಹೆಸರು ಕೆತ್ತಿ ಹೋಗಿದ್ದಾರೆ. ಇದನ್ನು ಹೇಳಿ ಪೇಚಿಗೆ ಸಿಕ್ಕಿಕೊಂಡೆ. "ಹಾಗಾದ್ರೆ ನಾವೂ ಬರೀಬಹುದಾ?" ಅಂತ ಮಕ್ಕಳು. ಬೇಡ ಅನ್ನಲು ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ, ಅಮ್ಮಂದಿರ ಹತ್ತಿರ ಒಳ್ಳೆಯ ಕಣ್ಣು ಇತ್ತು. ಅಷ್ಟರಲ್ಲಿ ಹೊರಗೆ ಗಲಾಟೆ. ಒಂದು ಡಬ್ಬಿ ಚಕ್ಕುಲಿ ಮಂಗಗಳ ಪಾಲಾಗಿತ್ತು. ತಿಂಡಿ ಕೈಯಲ್ಲಿ ಹಿಡಿದು ಕನ್ಹೇರಿ ಮೆಟ್ಟಿಲು ಹತ್ತಬೇಡಿ, ಚೀಲದ ಒಳಗಿರಲಿ.

ಮಾಟುಂಗದ ನಡಿಗೆಯನ್ನು ನಾನು ಬೇಗ ಮುಗಿಸಬಹುದು ಎಂದುಕೊಂಡಿದ್ದೆ. 1896ರಲ್ಲಿ ಪ್ಲೇಗ್ ಬಂತು. ಇಕ್ಕಟ್ಟಿನ ಊರೇ ರೋಗಕ್ಕೆ ಕಾರಣ ಎಂದು 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಕಟ್ಟಿದರು. ಅದೇ ಟ್ರಸ್ಟ್ ದಾದರ್, ಮಾಟುಂಗ ಕಡೆ ಅಗಲ ರಸ್ತೆ, ತೋಟ, ಕಟ್ಟಡಗಳ ನಡುವೆ ಜಾಗ ಬಿಟ್ಟು ಬಡಾವಣೆ ಮಾಡಿತು. ಹಿಂದಿನ ತಿಂಗಳು ಬಜಾರ್ ಗೇಟ್ ಕಡೆಯ ಗಲ್ಲಿಯಲ್ಲಿ ಕೈ ಚಾಚಿ ಅಳೆದಿದ್ದ ಮಕ್ಕಳು ಇಲ್ಲಿಯೂ ಕೈ ಚಾಚಿದವು. ಇಷ್ಟೇ ಪಾಠ, ಆಮೇಲೆ ಊಟ ಅಂತ ನನ್ನ ಲೆಕ್ಕ. ಸ್ಟೇಷನ್ ಪಕ್ಕದಲ್ಲಿ 1942ರಿಂದ ನಡೆಯುತ್ತಿರುವ ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇರುವಾಗ ಬೇರೆ ಕಡೆ ಯಾಕೆ ಹೋಗಬೇಕು?

ನಮ್ಮ ಗುಂಪಿನಲ್ಲಿ ಒಬ್ಬರು ಹಿರಿಯರು ಬರುತ್ತಿದ್ದರು. ಎಪ್ಪತ್ತೆಂಟು ವಯಸ್ಸು, ಎಲ್ಲರಿಗೂ ಮಾಮ. ಏಳೆಂಟು ನಡಿಗೆಗೆ ಬಂದಿದ್ದರೂ ಒಂದು ಮಾತು ಆಡಿದವರಲ್ಲ. ಅವತ್ತು ಹೂವಿನಂಗಡಿಗಳ ಸಾಲು ದಾಟಿದ ಮೇಲೆ ಒಂದು ಮೊಬೈಲ್ ಅಂಗಡಿಯ ಮುಂದೆ ನಿಂತುಬಿಟ್ಟರು.

"ಇದು ಹೋಟೆಲ್ ಆಗಿತ್ತು" ಅಂದರು. ಹದಿಮೂರನೇ ವಯಸ್ಸಿಗೆ ಊರಿನಿಂದ ಬಂದು ಕ್ಲೀನರ್ ಆಗಿ ಸೇರಿದ್ದರು. ಟೇಬಲ್ ಒರೆಸುವುದು, ಕಪ್ಪು ತೊಳೆಯುವುದು. ಆಮೇಲೆ ಸಪ್ಲಾಯರ್. ಗಲ್ಲೆಯ ಮೇಲೆ ಕೂರಲು ಇಪ್ಪತ್ತು ವರ್ಷ ಬೇಕಾಯಿತು. ಸಂಜೆ ಕೆಲಸದ ನಡುವೆ ಬಿಡುವು ಮಾಡಿಕೊಂಡು ಕನ್ನಡದ ರಾತ್ರಿ ಶಾಲೆಗೆ ಓಡುವುದು. ಶೆಟರ್ ಎಳೆದ ಮೇಲೆ ಎರಡು ಟೇಬಲ್ ಜೋಡಿಸಿ ಅದರ ಮೇಲೇ ಮಲಗುವುದು.

ನಾನು ಟಿಪ್ಪಣಿಯನ್ನು ಚೀಲಕ್ಕೆ ಹಾಕಿದೆ.

ಬುಕ್ ಲಿಸ್ಟ್ ಹುಡುಗಿ ಮುಂದೆ ಬಂದು ಕೇಳಿದಳು, "ಮಾಮ, ಇದು ಅಂತೆಯಾ, ಇದೆಯಾ?"

ಅವರಿಗೆ ಆಟ ಗೊತ್ತಿತ್ತು. ಸ್ವಲ್ಪ ಹೊತ್ತು ಆ ಅಂಗಡಿಯ ಗಾಜನ್ನೇ ನೋಡಿದರು. "ತೋರಿಸಲಿಕ್ಕೆ ಏನೂ ಇಲ್ಲ ಮಗಾ. ಆದ್ರೂ ಅಂತೆ ಅಲ್ಲ. ಮಲಗಿದ್ದು ನಾನೇ."

"ತಲೆದಿಂಬು?"

"ಶಾಲೆಯ ಚೀಲ."

ಇನ್ನೊಬ್ಬ ಹುಡುಗ, ಸೊಳ್ಳೆ ಇತ್ತಾ ಅಂದ. ಮತ್ತೊಬ್ಬ, ಸಂಬಳ ಎಷ್ಟು ಅಂದ. ಮೊಬೈಲ್ ಅಂಗಡಿಯವನು ಗಿರಾಕಿಗಳು ಎಂದುಕೊಂಡು ಬಾಗಿಲು ತೆರೆದು ನಿಂತ. ಪ್ರಶ್ನೆ ಮುಗಿಯುವ ಹೊತ್ತಿಗೆ ಹನ್ನೊಂದೂವರೆ ದಾಟಿತ್ತು. ನಾವು ಬೋರ್ಡಿಂಗ್ ಮುಟ್ಟಿದಾಗ ಕ್ಯೂ ಮೆಟ್ಟಿಲಿಳಿದು ಬೀದಿಗೆ ಬಂದಿತ್ತು. ನಿಂತೆವು. ಮಾಮ ಕ್ಯೂನಲ್ಲೂ ಮಾತು ನಿಲ್ಲಿಸಲಿಲ್ಲ.