ಆಶ್ರಯಧಾಮದ ವಯಸ್ಸಾದ ನಾಯಿಗಳನ್ನು ವಾಕಿಂಗ್‌ಗೆ ಕರೆದೊಯ್ಯುವವರಿಗೆ

ಬೆಂಗಳೂರಿನ ಪ್ರಾಣಿ ಆಶ್ರಯಧಾಮಗಳಲ್ಲಿ ಮರಿಗಳಿಗೆ ಮನೆ ಬೇಗ ಸಿಗುತ್ತದೆ. ಮಾಲೀಕರು ತೀರಿಕೊಂಡಿದ್ದರಿಂದ, ವಿದೇಶಕ್ಕೆ ಹೋದದ್ದರಿಂದ, ಅಥವಾ ಮರಿ ಹಾಕಿಸುವ ವ್ಯಾಪಾರದವರು ಇನ್ನು ಲಾಭವಿಲ್ಲವೆಂದು ಬಿಟ್ಟುಹೋದದ್ದರಿಂದ ಅಲ್ಲಿ ಸೇರಿದ ಎಂಟು-ಹತ್ತು ವರ್ಷದ ಲ್ಯಾಬ್ರಡಾರ್‌ಗಳೂ ಜರ್ಮನ್ ಶೆಫರ್ಡ್‌ಗಳೂ ನಮ್ಮ ನಾಡತಳಿಯ ನಾಯಿಗಳೂ ಬಹಳ ಕಾಲ ಕಾಯುತ್ತವೆ. ಇವುಗಳನ್ನು ನಡೆಸಲು ಸ್ವಯಂಸೇವಕರ ಕೈ ಬೇಕು. ನಗರದಲ್ಲಿ 1991ರಿಂದ ಪ್ರಾಣಿಗಳಿಗಾಗಿ ಕೆಲಸ ಮಾಡುತ್ತಿರುವ ಕ್ಯೂಪಾ ಸಂಸ್ಥೆ, ಉತ್ತರ ಭಾಗದ ಮಿಟ್ಟಗಾನಹಳ್ಳಿಯಲ್ಲಿರುವ ಚಾರ್ಲೀಸ್ ಅನಿಮಲ್ ರೆಸ್ಕ್ಯೂ ಸೆಂಟರ್ ಮುಂತಾದ ಕಡೆ ಮೊದಲು ವಿಚಾರಿಸಿ, ಅವರು ಹೇಳಿದ ದಿನ ಮತ್ತು ಸಮಯಕ್ಕೆ ಹೋಗುವುದು ಒಳ್ಳೆಯದು. ತಿಂಗಳಿಗೊಮ್ಮೆ ಇಡೀ ದಿನ ಹೋಗುವುದಕ್ಕಿಂತ ಪ್ರತಿ ವಾರ ಒಂದೇ ದಿನ ಒಂದು ಗಂಟೆ ಹೋಗುವುದು ಮೇಲು. ಹಳೆಯ ನಾಯಿ ಮುಖಕ್ಕಿಂತ ಮೊದಲು ವಾಸನೆಯನ್ನೂ ಹೆಜ್ಜೆಯ ಸದ್ದನ್ನೂ ಗುರುತು ಹಿಡಿಯುತ್ತದೆ.

ಹೋಗುವ ಮುನ್ನ ರೇಬೀಸ್ ಮುಂಜಾಗ್ರತಾ ಲಸಿಕೆ ಹಾಕಿಸಿಕೊಳ್ಳಿ. ಇದನ್ನು ಮೊದಲ ದಿನ, 7ನೇ ದಿನ, ಬಳಿಕ 21 ಅಥವಾ 28ನೇ ದಿನ ಕೊಡುವುದು ರೂಢಿ. ಲಸಿಕೆಯಾಗಿದ್ದರೂ ಹಲ್ಲು ತಾಗಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಮನೆಯಲ್ಲಿ ಲಸಿಕೆ ಪೂರ್ತಿಯಾಗದ ಮರಿಯಿದ್ದರೆ ಆಶ್ರಯಧಾಮಕ್ಕೆಂದೇ ಒಂದು ಜೊತೆ ಚಪ್ಪಲಿ ಬೇರೆ ಇಟ್ಟುಕೊಳ್ಳಿ, ಏಕೆಂದರೆ ಮರಿಗಳ ಜೀವಕ್ಕೇ ಅಪಾಯ ತರುವ ಪಾರ್ವೊ ವೈರಸ್ ಮಣ್ಣಿನೊಡನೆ ಪಾದರಕ್ಷೆಗೆ ಅಂಟಿ ಬರುತ್ತದೆ.

ಮಾರ್ಚ್‌ನಿಂದ ಮೇವರೆಗೆ ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಬಿಸಿಲು ಇಳಿದ ಮೇಲೆ ಮಾತ್ರ ನಡೆಸಬೇಕು. ಅಂಗೈಯ ಹಿಂಭಾಗವನ್ನು ಟಾರು ರಸ್ತೆಯ ಮೇಲೆ ಏಳು ಸೆಕೆಂಡು ಇಟ್ಟುಕೊಳ್ಳಲಾಗದಿದ್ದರೆ ನಾಯಿಯ ಪಾದಕ್ಕೂ ಅದು ಸುಡುತ್ತದೆ. ನಮ್ಮ ಬೀದಿಗಳ ದೊಡ್ಡ ತೊಡಕು ಮಾತ್ರ ಬಿಸಿಲಲ್ಲ, ಪ್ರತಿ ತಿರುವಿನಲ್ಲಿ ತನ್ನ ಗಡಿ ಕಾಯುವ ಬೀದಿನಾಯಿಗಳ ಗುಂಪು. ಅವು ಕಂಡ ಕೂಡಲೆ ಓಡದೆ, ಕೂಗದೆ, ನಿಮ್ಮ ನಾಯಿಯನ್ನು ನಿಮ್ಮ ಆಚೆ ಬದಿಗೆ ತಂದುಕೊಂಡು ಬಂದ ದಾರಿಯಲ್ಲೇ ಮೆಲ್ಲನೆ ಹಿಂದಿರುಗಿ. ಆವರಣದ ಒಳಗೇ ಮರದ ನೆರಳಿನ ಜಾಗವಿದ್ದರೆ ಬೀದಿಗೆ ಹೋಗುವ ಹಟವೇಕೆ?

ಗೂಡಿನ ಬಾಗಿಲು ತೆರೆಯುವಾಗ ಎದುರಿನಿಂದ ನುಗ್ಗದೆ ಪಕ್ಕಕ್ಕೆ ನಿಂತು, ಕೈ ಮೂಸಲು ಬಿಡಬೇಕು. ಕಿವಿ ಮಂದವಾದ ನಾಯಿಯನ್ನು ಹಿಂದಿನಿಂದ ಮುಟ್ಟಿದರೆ ಅದು ಬೆಚ್ಚಿ ಕಚ್ಚಬಹುದು, ತಪ್ಪು ನಮ್ಮದು. ಕುತ್ತಿಗೆಯ ಪಟ್ಟಿಗಿಂತ ಎದೆಯ ಸುತ್ತ ಕಟ್ಟುವ ಹಾರ್ನೆಸ್ ವಾಸಿ, ಎಳೆತವು ಗಂಟಲಿನ ಮೇಲೆ ಬೀಳುವುದಿಲ್ಲ. ಹಗ್ಗವನ್ನು ಕೈಗೆ ಸುತ್ತಿಕೊಳ್ಳದೆ, ಅದು ಸಡಿಲವಾಗಿ ಇಳಿಬೀಳುವಷ್ಟು ಬಿಟ್ಟು ಹಿಡಿಯಿರಿ.

ಈ ನಡಿಗೆಯನ್ನು ವ್ಯಾಯಾಮವೆಂದು ಎಣಿಸುವವರು ಬೇಗ ಬೇಸರಪಡುತ್ತಾರೆ. ಹದಿನೈದು ನಿಮಿಷದಲ್ಲಿ ನೂರು ಅಡಿ ದಾಟದ ದಿನವೂ ಉಂಟು, ಏಕೆಂದರೆ ಒಂದು ಹೊಂಗೆ ಮರದ ಬುಡವನ್ನು ಮೂಸುವುದರಲ್ಲೇ ನಾಯಿಗೆ ಊರಿನ ಸುದ್ದಿಯೆಲ್ಲ ಸಿಗುತ್ತದೆ, ಎಳೆಯದೆ ಕಾಯಬೇಕು. ನಾನು ನಡೆಸುತ್ತಿದ್ದ ಒಂದು ಹಳದಿ ಲ್ಯಾಬ್ರಡಾರ್ ಪ್ರತಿ ಸಲವೂ ಒಂದು ಕಲ್ಲಿನ ಹತ್ತಿರ ಕುಳಿತುಬಿಡುತ್ತಿತ್ತು, ನಾನು ಅದನ್ನು ಮೊಂಡುತನವೆಂದು ಮೂರು ವಾರ ಭಾವಿಸಿದೆ. ಅಲ್ಲಿಂದ ಏರು ಶುರುವಾಗುತ್ತದೆಂಬುದು ನಾಲ್ಕನೆಯ ವಾರ ಗಮನಕ್ಕೆ ಬಂತು; ವೈದ್ಯರಿಗೆ ಹೇಳಿದ ಮೇಲೆ ಸೊಂಟದ ಕೀಲುನೋವು ಗೊತ್ತಾಯಿತು. ಹಿಂಗಾಲು ಎಳೆಯುವುದು, ನಿಂತು ನಿಂತು ಏದುಸಿರು ಬಿಡುವುದು, ವಸಡು ಬಿಳಿಚಿಕೊಳ್ಳುವುದು ಕಂಡರೆ ಅಲ್ಲಿಗೇ ನಿಲ್ಲಿಸಿ, ನೆರಳಿಗೆ ಕರೆತಂದು ಸಿಬ್ಬಂದಿಗೆ ತಿಳಿಸಿ.

ಮರಳಿದ ಮೇಲೆ ನೀರು ಕೊಟ್ಟು, ಕಿವಿಯ ಒಳಗೆ, ಬೆರಳ ಸಂದಿಯಲ್ಲಿ, ಕತ್ತಿನ ಮಡಿಕೆಯಲ್ಲಿ ಉಣ್ಣಿ ಇದೆಯೇ ನೋಡಿ, ಏಕೆಂದರೆ ಇಲ್ಲಿನ ನಾಯಿಗಳ ಜ್ವರಗಳಿಗೆ ಉಣ್ಣಿಯೇ ದೊಡ್ಡ ಮೂಲ. ಪ್ರೀತಿಯಿಂದ ಬಿಸ್ಕತ್ತು ಕೊಡುವ ಮುನ್ನ ಕೇಳಿ. ಮೂತ್ರಪಿಂಡದ ಕಾಯಿಲೆಯ ಪಥ್ಯದಲ್ಲಿರುವ ನಾಯಿಗೆ ಅದು ಕೇಡು. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ಯಾವ ನಾಯಿಗೂ ಬೇಡ.

ಕೊನೆಗೆ ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆದಿಡಿ. ದತ್ತು ಕೇಳಲು ಬಂದವರು ಇದಕ್ಕೆ ಹೇಗಿದೆ ಸ್ವಭಾವ ಎಂದು ಕೇಳಿದಾಗ ಗೂಡಿನಲ್ಲಿ ಬೊಗಳುವುದನ್ನಷ್ಟೇ ಕಂಡವರಿಂದ ಉತ್ತರ ಸಿಗುವುದಿಲ್ಲ. ಮಕ್ಕಳ ಸೈಕಲ್ ಹಾದುಹೋದಾಗ ಏನು ಮಾಡಿತು, ಆಟೋದ ಸದ್ದಿಗೆ ಬೆದರಿತೇ, ಎಷ್ಟು ಮೆಟ್ಟಿಲು ಹತ್ತಿತು ಎಂಬುದೇ ಅವರಿಗೆ ಬೇಕಾದ ವಿಷಯ. ಲಿಫ್ಟ್ ಇಲ್ಲದ ಮೂರನೇ ಮಹಡಿಯ ಮನೆಯವರಿಗೆ ಮೆಟ್ಟಿಲಿನ ಬಗ್ಗೆ ನೀವು ಬರೆದ ಸಾಲನ್ನು ಓದಿ ಹೇಳಲು, ನೆಲಮಹಡಿಯವರು ಬಂದಾಗ ಮತ್ತೆ ಅದೇ ಸಾಲನ್ನು ತೋರಿಸಲು ಸಿಬ್ಬಂದಿಗೆ ಸುಲಭವಾಗುತ್ತದೆ.