ತುಪ್ಪ ಮೊದಲು, ಕಾಫಿ ಕೊನೆಗೆ: ನಿಧಾನವಾಗಿ ವೀಗನ್ ಆದ ನನ್ನ ಅನುಭವ

ವೀಗನ್ ಅಂದರೆ ಮಾಂಸ, ಮೊಟ್ಟೆ, ಹಾಲು, ಜೇನು, ಹೀಗೆ ಪ್ರಾಣಿಗಳಿಂದ ಬರುವ ಯಾವುದನ್ನೂ ತಿನ್ನದವರು. ಹಾಗಾಗಬೇಕು ಅಂದುಕೊಂಡಾಗ, ನಮ್ಮ ಊಟದಲ್ಲಿ ಹಾಲಿನ ಪದಾರ್ಥ ಎಲ್ಲೆಲ್ಲಿ ಬರುತ್ತದೆ ಎಂದು ಕೆಲವು ದಿನ ಬರೆದಿಟ್ಟುಕೊಂಡೆ. ನಾನು ಮಾಡಿದ ಮೊದಲ ಕೆಲಸ ಅದು. ಆಗ ಏನನ್ನೂ ಬಿಡಲಿಲ್ಲ, ಸುಮ್ನೆ ಬರೆದೆ.

ಬರೆದದ್ದನ್ನು ನೋಡಿದಾಗ ನನಗೇ ಸಮಾಧಾನವಾಯಿತು. ರಾಗಿ ಮುದ್ದೆ, ಬಸ್ಸಾರು, ಉಪ್ಪುಸಾರು, ಮಸ್ಸೊಪ್ಪು, ಹುರುಳಿಕಾಳಿನ ಸಾರು, ಅವರೆಕಾಯಿ ಕಾಲದ ಹಿತಕಿದ ಬೇಳೆ, ಅಕ್ಕಿ ರೊಟ್ಟಿ, ಚಿತ್ರಾನ್ನ, ಪುಳಿಯೋಗರೆ, ಇಡ್ಲಿ. ಇದ್ಯಾವುದರಲ್ಲೂ ಹಾಲಿಲ್ಲ. ಉತ್ತರ ಕರ್ನಾಟಕದವರಿಗೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಇದೆ. ನಮ್ಮ ಮನೆಯಲ್ಲಿ ಹಾಲು ಬರುತ್ತಿದ್ದುದು ಮುಖ್ಯವಾಗಿ ನಾಲ್ಕು ಕಡೆ: ಕಾಫಿ, ಊಟದ ಕೊನೆಯ ಮೊಸರನ್ನ, ಬಿಸಿ ಅನ್ನದ ಮೇಲಿನ ತುಪ್ಪ, ಹಬ್ಬದ ಸಿಹಿ. ಹಾಗಾದರೆ ಇಡೀ ಅಡುಗೆ ಬದಲಾಯಿಸಬೇಕಾಗಿಲ್ಲ, ಈ ನಾಲ್ಕನ್ನು ಒಂದೊಂದಾಗಿ ನೋಡಿಕೊಂಡರೆ ಸಾಕು ಅಂತ ಗೊತ್ತಾಯಿತು. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಆವಕಾಡೊ, ಕೀನೋವಾ, ಟೋಫು ಎಂದೇ ಶುರುವಾಗುತ್ತದೆ. ಅವು ಬೇಕಾದವರು ತಿನ್ನಲಿ. ಹೊಸದಾಗಿ ಶುರು ಮಾಡುವವರು ಅಲ್ಲಿಂದ ಹೊರಟರೆ ದುಡ್ಡೂ ಖರ್ಚು, ಬೇಜಾರೂ ಬೇಗ ಬರುತ್ತದೆ.

ನಾನು ಹಾಸನದ ಕಡೆಯ ಹಳ್ಳಿಯವಳು. ಈಗ ಇರುವುದು ಮೈಸೂರಿನಲ್ಲಿ. ಅಪ್ಪ-ಅವ್ವ ಡೇರಿಗೆ ಹಾಲು ಹಾಕಿಯೇ ನಮ್ಮನ್ನು ಓದಿಸಿದರು. ಹಾಲು ಕರೆಯುವವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಆದರೆ ಹಸು ಹಾಲು ಕೊಡಬೇಕಾದರೆ ಮೊದಲು ಕರು ಹಾಕಬೇಕು. ಹುಟ್ಟಿದ್ದು ಗಂಡು ಕರುವಾದರೆ? ಟ್ರ್ಯಾಕ್ಟರ್ ಬಂದ ಮೇಲೆ ಉಳುವುದಕ್ಕೂ ಅದು ಬೇಡ. ಸೀಮೆಹಸುವಿನ ಗಂಡು ಕರುವನ್ನಂತೂ ಯಾರೂ ಸಾಕುವುದಿಲ್ಲ. ಆ ಕರುಗಳು ಎಲ್ಲಿಗೆ ಹೋಗುತ್ತವೆ ಅಂತ ಹಳ್ಳಿಯಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ. ಅದು ನನ್ನನ್ನು ಬಹಳ ವರ್ಷದಿಂದ ಕೊರೆಯುತ್ತಿತ್ತು. ನಾನು ಹಾಲು ಬಿಡಲು ಕಾರಣ ಅದೇ.

ಮಾಂಸ, ಮೊಟ್ಟೆ ಬಿಡುವುದು ನನಗೆ ಕಷ್ಟವಾಗಲಿಲ್ಲ. ನಮ್ಮಲ್ಲಿ ಅದು ಹಬ್ಬಕ್ಕೋ ನೆಂಟರು ಬಂದಾಗಲೋ ಮಾಡುವ ಅಡುಗೆ. ಮೊಸರು ಹಾಗಲ್ಲ, ಅದು ದಿನಾ ಬೇಕು. ಅದಕ್ಕೇ ನಾನು ತುಪ್ಪದಿಂದ ಶುರು ಮಾಡಿದೆ. ತುಪ್ಪ ಬಿಟ್ಟರೆ ಹೊಟ್ಟೆಗೆ ಏನೂ ಕಡಿಮೆಯಾಗುವುದಿಲ್ಲ, ಬದಲಾಗುವುದು ಘಮ ಮಾತ್ರ. ಒಗ್ಗರಣೆಗೆ ಕಡ್ಲೆಕಾಯಿ ಎಣ್ಣೆ ಬಂತು. ತಿಳಿಸಾರಿಗೆ ತೆಂಗಿನೆಣ್ಣೆಯಲ್ಲಿ ಸಾಸಿವೆ, ಇಂಗು, ಕರಿಬೇವು ಹಾಕಿದರೆ ಬೇರೆಯದೇ ರುಚಿ. ಬಿಸಿ ಅನ್ನ, ಚಟ್ನಿಪುಡಿಯ ಮೇಲೆ ಒಂದು ಚಮಚ ಗಾಣದ ಎಳ್ಳೆಣ್ಣೆ ಹಾಕಿಕೊಂಡು ನೋಡಿ. ನಮ್ಮ ಅತ್ತೆ ಬಡಿಸುವಾಗ, "ಒಂದ್ ಚಮಚ ತುಪ್ಪಕ್ಕೆ ಏನಾಗುತ್ತಮ್ಮ?" ಎನ್ನುತ್ತಿದ್ದರು. "ಬೇಡ ಅತ್ತೆ, ಎಳ್ಳೆಣ್ಣೆ ಹಾಕ್ಕೋತೀನಿ" ಎಂದು ಪ್ರತಿ ಸಲವೂ ಅಷ್ಟೇ ಹೇಳುತ್ತಿದ್ದೆ. ವಾದ ಮಾಡಲಿಲ್ಲ. ಕೆಲವು ತಿಂಗಳಾದ ಮೇಲೆ ಎಳ್ಳೆಣ್ಣೆ ಬಾಟಲಿಯನ್ನು ಅವರೇ ನನ್ನ ತಟ್ಟೆಯ ಪಕ್ಕ ತಂದಿಡತೊಡಗಿದರು.

ಸಿಹಿಯಲ್ಲಿ ನಮ್ಮ ಹಿರಿಯರು ಬೇಕಾದಷ್ಟು ದಾರಿ ಮಾಡಿಟ್ಟಿದ್ದಾರೆ. ಒತ್ತುಶಾವಿಗೆಗೆ ಕಾಯಿಹಾಲು, ಬೆಲ್ಲದ ಗಸಗಸೆ ಪಾಯಸ, ಕರಾವಳಿಯ ಕಡೆ ಮಾಡುವ ಕಾಯಿಹಾಲಿನ ಹೆಸರುಬೇಳೆ ಪಾಯಸ, ಎಳ್ಳುಂಡೆ, ಕಡ್ಲೆಬೀಜದ ಮಿಠಾಯಿ. ಒಬ್ಬಟ್ಟನ್ನು ಎಣ್ಣೆ ಹಾಕಿ ಬೇಯಿಸಿ ಕಾಯಿಹಾಲಿನ ಜೊತೆ ತಿಂದರೆ ತುಪ್ಪದ ನೆನಪೇ ಬರುವುದಿಲ್ಲ. ಮೈಸೂರು ಪಾಕ್ ಮಾತ್ರ ತುಪ್ಪದಿಂದಲೇ ಮೈಸೂರು ಪಾಕ್. ಅದನ್ನು ಬೇರೆ ಎಣ್ಣೆಯಲ್ಲಿ ಮಾಡುವ ಪ್ರಯತ್ನಕ್ಕೆ ನಾನು ಹೋಗಲಿಲ್ಲ, ಬಿಟ್ಟುಬಿಟ್ಟೆ. ಜೇನುತುಪ್ಪದ ಜಾಗಕ್ಕೆ ಜೋನಿಬೆಲ್ಲ ಬಂತು.

ಮೊಸರಿಗೆ ಜಾಸ್ತಿ ಕಾಲ ಹಿಡಿಯಿತು. ಮೊದಲು ರಾತ್ರಿ ಊಟದಲ್ಲಿ ಮಾತ್ರ ಬಿಟ್ಟೆ. ಮಧ್ಯಾಹ್ನದ್ದು ಹಾಗೇ ಇತ್ತು. ರಾತ್ರಿ ಕೊನೆಯ ತುತ್ತಿಗೆ ಹುಳಿ ಬೇಕು ಅನಿಸುತ್ತಿತ್ತು. ಆಗ ಪುನರ್ಪುಳಿ (ಕೋಕಂ) ಸಾರು ಕೈ ಹಿಡಿಯಿತು. ಒಣ ಸಿಪ್ಪೆಯನ್ನು ನೆನೆಸಿ, ಸ್ವಲ್ಪ ಬೆಲ್ಲ, ಉಪ್ಪು, ಹಸಿಮೆಣಸಿನಕಾಯಿ ಹಾಕಿ ಕುದಿಸಿ ಒಗ್ಗರಣೆ ಕೊಟ್ಟರೆ ಅನ್ನಕ್ಕೂ ಆಯಿತು, ಕುಡಿಯುವುದಕ್ಕೂ ಆಯಿತು.

ಆಮೇಲೆ ಕಡ್ಲೆಬೀಜದ ಮೊಸರು ಕಲಿತೆ. ಒಂದು ಲೋಟ ಹಸಿ ಕಡ್ಲೆಬೀಜವನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ಸಿಪ್ಪೆ ತೆಗೆದು, ಮೂರೂವರೆ ಲೋಟದಷ್ಟು ನೀರು ಹಾಕಿ ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಸೋಸಬೇಕು. ಆ ಹಾಲನ್ನು ಕೈಯಾಡಿಸುತ್ತಾ ಚೆನ್ನಾಗಿ ಕುದಿಸಿ. ಹಸಿ ವಾಸನೆ ಹೋಗುವುದು ಕುದಿಯಲ್ಲೇ. ಉಕ್ಕುವುದು ಜಾಸ್ತಿ, ಅದಕ್ಕೇ ಪಾತ್ರೆ ದೊಡ್ಡದಿರಲಿ. ಉಗುರುಬೆಚ್ಚಗಾದ ಮೇಲೆ ಹೆಪ್ಪು. ಮೊದಲ ಸಲ ಹೆಪ್ಪಿಗೆ ಹಸುವಿನ ಮೊಸರು ಬೇಡವೆಂದರೆ ಹಸಿಮೆಣಸಿನಕಾಯಿಯ ತೊಟ್ಟುಗಳನ್ನು ಹಾಲಿನಲ್ಲಿ ಮುಳುಗಿಸಿ ಬೆಚ್ಚಗೆ ಮುಚ್ಚಿಡಿ. ಎಂಟು-ಹತ್ತು ಗಂಟೆಯಲ್ಲಿ ಹುಳಿ ಬರುತ್ತದೆ, ಮೈಸೂರಿನ ಚಳಿಗಾಲದಲ್ಲಿ ಇನ್ನೂ ಸ್ವಲ್ಪ ಹೊತ್ತು ಬೇಕು. ಮೊದಲನೆಯದು ತೆಳ್ಳಗಿರುತ್ತದೆ. ಅದನ್ನೇ ಮುಂದಿನದಕ್ಕೆ ಹೆಪ್ಪಾಗಿ ಬಳಸಿದರೆ ಗಟ್ಟಿಯಾಗುತ್ತಾ ಬರುತ್ತದೆ. ಮಜ್ಜಿಗೆ ಹುಳಿ, ಮಸಾಲೆ ಮಜ್ಜಿಗೆ, ಸೌತೆಕಾಯಿ ಪಚಡಿಗೆ ಇದು ತುಂಬ ಚೆನ್ನ. ಬರೀ ಮೊಸರನ್ನಕ್ಕೆ ನಾಲಿಗೆ ಒಗ್ಗಲು ಕೆಲವು ವಾರ ಕೊಡಿ. ಶುಂಠಿ, ಕರಿಬೇವು, ಇಂಗಿನ ಒಗ್ಗರಣೆ ಧಾರಾಳವಾಗಿರಲಿ. ಸೋಸಿ ಉಳಿದ ತರಿಯನ್ನು ನಾನು ಪಲ್ಯಕ್ಕೆ ಕಾಯಿತುರಿಯ ಬದಲು ಹಾಕುತ್ತೇನೆ.

ಕಾಫಿಯನ್ನು ಕೊನೆಗೆ ಇಟ್ಟುಕೊಂಡೆ. ಬೇಕಂತಲೇ. ಬೆಳಗಿನ ಕಾಫಿಯನ್ನು ಮೊದಲ ದಿನವೇ ಕಿತ್ತುಕೊಂಡರೆ ಉಳಿದದ್ದೆಲ್ಲ ಶಿಕ್ಷೆ ಅನಿಸಿಬಿಡುತ್ತದೆ. ಸಂಜೆಯ ಕಾಫಿಯನ್ನು ಮೊದಲು ಬದಲಾಯಿಸಿದೆ. ಕೊಡಗಿನವರ ಹಾಗೆ ಬೆಲ್ಲ ಹಾಕಿದ ಕರಿ ಕಾಫಿ, ಕೆಲವು ದಿನ ಕೊತ್ತಂಬರಿ-ಜೀರಿಗೆ ಕಷಾಯ. ಬೆಳಗಿನದಕ್ಕೆ ಒಂದೊಂದೇ ಹಾಲು ಪ್ರಯೋಗ ಮಾಡಿದೆ. ತೆಂಗಿನ ಹಾಲು ಕಾಫಿಯ ಘಮವನ್ನೇ ಮುಚ್ಚುತ್ತದೆ. ಬಾದಾಮಿಯದು ತೆಳು. ಗೋಡಂಬಿ ಹಾಲು ರುಚಿ, ಆದರೆ ಕುದಿಸಿದರೆ ಗಂಜಿಯ ಹಾಗೆ ಗಟ್ಟಿಯಾಗುತ್ತದೆ, ಬಿಸಿ ಮಾಡಿ ಇಳಿಸಬೇಕು ಅಷ್ಟೇ. ಸೋಯಾ ಹಾಲು ಗಟ್ಟಿ ಡಿಕಾಕ್ಷನ್ ಬಿದ್ದ ಕೂಡಲೇ ಒಡೆಯಬಹುದು. ಡಿಕಾಕ್ಷನ್ನಿನಲ್ಲಿ ಹುಳಿ ಇದೆ, ಬಿಸಿಯೂ ಇದೆ. ಮೊದಲು ಸೋಯಾ ಹಾಲನ್ನು ಬಿಸಿ ಮಾಡಿಕೊಂಡು, ಡಿಕಾಕ್ಷನ್ನನ್ನು ನಿಧಾನಕ್ಕೆ ಅದರೊಳಗೆ ಬಿಡಬೇಕು. ನನಗೆ ಒಗ್ಗಿದ್ದು ಓಟ್ಸ್ ಹಾಲು. ಅಂಗಡಿಯದು ಹಸುವಿನ ಹಾಲಿಗಿಂತ ಎಷ್ಟೋ ದುಬಾರಿ, ಅದಕ್ಕೇ ದಿನಕ್ಕೆ ಒಂದೇ ಲೋಟ ಎಂದು ಇಟ್ಟುಕೊಂಡಿದ್ದೇನೆ.

ಇನ್ನು ನಾನು ಒತ್ತಿ ಹೇಳಬೇಕಾದ ಮಾತು ವಿಟಮಿನ್ ಬಿ12. ಸೊಪ್ಪು, ಕಾಳು, ಹಣ್ಣು ಯಾವುದರಲ್ಲೂ ಇದು ನಂಬುವ ಹಾಗೆ ಸಿಗುವುದಿಲ್ಲ. ದೊಡ್ಡವರಿಗೆ ದಿನಕ್ಕೆ ಬೇಕಾದ್ದು ಎರಡು-ಮೂರು ಮೈಕ್ರೋಗ್ರಾಂ ಅಷ್ಟೇ. ಆದರೆ ಅಷ್ಟು ಬೇಕೇ ಬೇಕು. ಪಿತ್ತಜನಕಾಂಗದಲ್ಲಿ ದಾಸ್ತಾನು ಇರುವುದರಿಂದ ಕೊರತೆ ತಕ್ಷಣ ಕಾಣುವುದಿಲ್ಲ. ಸುಸ್ತು, ಕೈಕಾಲು ಜೋಮು ಅಂತ ಕಾಣಿಸಿಕೊಳ್ಳುವ ಹೊತ್ತಿಗೆ ತಡವಾಗಿರಬಹುದು, ನರಗಳಿಗೆ ಪೆಟ್ಟು ಬಿದ್ದಿರಬಹುದು. ಹಾಲು ಕುಡಿಯುವ ಸಸ್ಯಾಹಾರಿಗಳಲ್ಲೂ ನಮ್ಮಲ್ಲಿ ಈ ಕೊರತೆ ಸಾಮಾನ್ಯ. ನಾನು ಹಾಲು ಬಿಡುವ ಮೊದಲೇ ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರ್ ಹೇಳಿದ ಮಾತ್ರೆ ಶುರು ಮಾಡಿದೆ. ವರ್ಷಕ್ಕೊಮ್ಮೆ ಮತ್ತೆ ನೋಡಿಸುತ್ತೇನೆ. ಕ್ಯಾಪ್ಸೂಲಿನ ಹೊರಕವಚ ಹೆಚ್ಚಾಗಿ ಪ್ರಾಣಿಗಳಿಂದ ಬರುವ ಜೆಲಾಟಿನ್, ಹಾಗಾಗಿ ನಾನು ಮಾತ್ರೆಯನ್ನೇ ಕೇಳಿ ತರುತ್ತೇನೆ. ಗರ್ಭಿಣಿಯರು, ಎದೆಹಾಲು ಕುಡಿಸುವವರು, ಚಿಕ್ಕ ಮಕ್ಕಳ ವಿಷಯದಲ್ಲಿ ಡಾಕ್ಟರನ್ನು ಕೇಳದೆ ಏನನ್ನೂ ಬದಲಾಯಿಸಬೇಡಿ.

"ಹಾಲು-ಮೊಸರು ಬಿಟ್ಟು ಮೂಳೆಗೆ ಏನ್ ಮಾಡ್ತೀಯ ಮಗಾ?" ಎಂದು ಅವ್ವ ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ದೊಡ್ಡವರಿಗೆ ದಿನಕ್ಕೆ ಸುಮಾರು 1,000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ಹಸುವಿನ ಹಾಲಿನಲ್ಲಿ 120 ಮಿಲಿಗ್ರಾಂ ಆಸುಪಾಸು ಇದ್ದರೆ, ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಇದೆ. ಸಿಪ್ಪೆ ಸಹಿತ ಎಳ್ಳಿನಲ್ಲಿ ಸಾವಿರಕ್ಕೂ ಜಾಸ್ತಿ. ಎಳ್ಳನ್ನು ಅಷ್ಟು ತಿನ್ನುವುದಿಲ್ಲ ಬಿಡಿ, ಆದರೆ ದಿನಾ ಎರಡು ಚಮಚ ಚಟ್ನಿಪುಡಿಯಲ್ಲಿ ಸೇರಿದರೂ ಲೆಕ್ಕಕ್ಕೆ ಬರುತ್ತದೆ. ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸಿ ಹಿಟ್ಟು ಮಾಡಿಸಿದರೆ ಮೈಗೆ ಇನ್ನೂ ಚೆನ್ನಾಗಿ ಹತ್ತುತ್ತದೆ. ಪ್ರೋಟೀನಿಗೆ ಹುರುಳಿ, ಅವರೆ, ಅಲಸಂದೆ, ಕಡ್ಲೆಬೀಜ ಇವೆ. ದಿನದ ಎರಡು ಊಟದಲ್ಲಾದರೂ ಕಾಳು ಅಥವಾ ಬೇಳೆ ಇರಬೇಕು ಅನ್ನುವುದು ನನ್ನ ನಿಯಮ. ಬರೀ ಅನ್ನ, ತಿಳಿಸಾರು, ಉಪ್ಪಿನಕಾಯಿ ತಿಂದು ವೀಗನ್ ಅಂದರೆ ಆಗುವುದಿಲ್ಲ. ಕಾಳು ಒಮ್ಮೆಗೇ ಜಾಸ್ತಿ ಮಾಡಿದರೆ ಹೊಟ್ಟೆ ಉಬ್ಬರಿಸುತ್ತದೆ. ನೆನೆಸಿದ ನೀರು ಚೆಲ್ಲಿ, ಇಂಗು-ಶುಂಠಿ ಹಾಕಿ, ವಾರವಾರಕ್ಕೂ ಸ್ವಲ್ಪ ಸ್ವಲ್ಪ ಹೆಚ್ಚಿಸಿ. ಊಟವಾದ ಕೂಡಲೇ ಕಾಫಿ, ಟೀ ಬೇಡ, ಸೊಪ್ಪು-ಕಾಳಿನ ಕಬ್ಬಿಣದಂಶವನ್ನು ಮೈ ಸರಿಯಾಗಿ ಹೀರಿಕೊಳ್ಳಲು ಅದು ಬಿಡುವುದಿಲ್ಲ. ಬದಲಿಗೆ ಊಟದ ಜೊತೆ ನಿಂಬೆಹಣ್ಣು ಹಿಂಡಿಕೊಳ್ಳಿ.

ಅಂಗಡಿಯ ಪೊಟ್ಟಣಗಳಲ್ಲಿ ಹಸಿರು ಚುಕ್ಕೆ ನೋಡಿ ಸುಮ್ಮನಾಗುವ ಹಾಗಿಲ್ಲ. ಹಾಲಿರುವ ತಿಂಡಿಗೂ ಅದೇ ಚುಕ್ಕೆ. ಬಿಸ್ಕತ್ತು, ಬ್ರೆಡ್ಡು, ಚಿಪ್ಸಿನ ಮಸಾಲೆಯಲ್ಲೂ ಹಾಲಿನ ಪುಡಿ ಇರಬಹುದು. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2022ರಲ್ಲಿ ವೀಗನ್ ಆಹಾರಕ್ಕೆಂದೇ ನಿಯಮ ತಂದಿದೆ. ಆ ನಿಯಮದಂತೆ ಬರುವ ಪೊಟ್ಟಣದ ಮೇಲೆ ಹಸಿರು ಬಣ್ಣದ 'ವಿ' ಅಕ್ಷರ, ಅದರಲ್ಲಿ ಪುಟ್ಟ ಎಲೆಗಳ ಗುರುತು ಇರುತ್ತದೆ.

ಹೋಟೆಲಿನಲ್ಲಿ ಇಡ್ಲಿ, ವಡೆ, ಪೂರಿ-ಸಾಗು ಸಾಮಾನ್ಯವಾಗಿ ಸರಿ. ದೋಸೆಗೆ "ಬೆಣ್ಣೆ-ತುಪ್ಪ ಬೇಡ, ಎಣ್ಣೇಲೇ ಹಾಕಿಕೊಡಿ" ಎಂದು ಮೊದಲೇ ಹೇಳುತ್ತೇನೆ. ರವೆ ಇಡ್ಲಿ, ಗೋಳಿಬಜೆ, ಮಂಗಳೂರು ಬನ್ಸ್ ಹಿಟ್ಟಿಗೆ ಮೊಸರು ಬೀಳುತ್ತದೆ. ಬಿಸಿಬೇಳೆಬಾತ್, ಖಾರಾಬಾತಿಗೆ ತುಪ್ಪ. ನಾನ್ ಹಿಟ್ಟಿಗೆ ಸಾಮಾನ್ಯವಾಗಿ ಹಾಲೋ ಮೊಸರೋ ಹಾಕಿರುತ್ತಾರೆ, ಅದರ ಬದಲು ತಂದೂರಿ ರೊಟ್ಟಿ ಕೇಳಬಹುದು, ಬೆಣ್ಣೆ ಸವರದೆ. ಮದುವೆ ಮನೆಯ ಎಲೆ ಊಟದಲ್ಲಿ ಕೋಸಂಬರಿ, ಪಲ್ಯ, ಗೊಜ್ಜು, ಚಿತ್ರಾನ್ನ, ಸಾರು, ಹಪ್ಪಳ ಸೇರಿ ಹೊಟ್ಟೆ ತುಂಬುತ್ತದೆ. ಅಲ್ಲಿ ಒಂದೇ ಎಚ್ಚರಿಕೆ. ಬಡಿಸುವವರು ಅನ್ನದ ಜೊತೆಗೇ ತುಪ್ಪ ಹಾಕಿಬಿಡುತ್ತಾರೆ. ತುಪ್ಪದ ಪಾತ್ರೆ ಪಂಕ್ತಿಯ ಆ ತುದಿಯಲ್ಲಿರುವಾಗಲೇ ನಾನು ಎಲೆಗೆ ಕೈ ಅಡ್ಡ ಹಿಡಿದಿರುತ್ತೇನೆ.