ವೆಬ್‌ಕ್ಯಾಮ್‌ಗೆ ರಟ್ಟಿನ ಪೆಟ್ಟಿಗೆಯ ಮೆದು ಬೆಳಕು: ನನ್ನ ಅನುಭವ

ಶಿರಸಿ ಕಡೆಯ ಹಂಚಿನ ಮನೆಗಳಲ್ಲಿ ಮಳೆಗಾಲ ಶುರುವಾದರೆ ಹಗಲು ಹನ್ನೊಂದಕ್ಕೂ ಒಳಗೆ ಮಬ್ಬು. ಇದ್ದಷ್ಟು ಬೆಳಕೂ ಮಾಡಿನ ಗಾಜಿನ ಹಂಚಿನಿಂದ ನೇರ ನೆತ್ತಿಯ ಮೇಲೆ ಬೀಳುವುದರಿಂದ ಕಣ್ಣಿನ ಗುಳಿಯಲ್ಲಿ, ಗದ್ದದ ಕೆಳಗೆ ಕಪ್ಪು ಕಟ್ಟುತ್ತದೆ. ಬೆಳಕು ಸಾಲದಿದ್ದಾಗ ವೆಬ್‌ಕ್ಯಾಮ್ ತಾನಾಗಿ ಶಟರ್ ನಿಧಾನ ಮಾಡಿಕೊಂಡು ಗೇನ್ (ಸಿಕ್ಕಷ್ಟು ಬೆಳಕಿನ ಸಂಕೇತವನ್ನು ಹಿಗ್ಗಿಸುವುದು) ಏರಿಸುತ್ತದೆ. ತಲೆ ಅಲ್ಲಾಡಿಸಿದರೆ ಮುಖ ಕಲಸಿಹೋಗುವುದು, ಹಿಂದಿನ ಗೋಡೆ ರವೆ ಚೆಲ್ಲಿದಂತೆ ಕಾಣುವುದು ಇದಕ್ಕೇ. ಕ್ಯಾಮೆರಾ ಬದಲಿಸಿದರೂ ಕತ್ತಲೆ ಕತ್ತಲೆಯೇ.

ಹಾಗಂತ ದೊಡ್ಡ ವ್ಯಾಟಿನ ಬಲ್ಬ್ ತಂದು ಎದುರಿಗೆ ಇಟ್ಟರೂ ಆಗುವುದಿಲ್ಲ. ಬೆಳಕು ಮೆದುವಾಗುವುದು, ಅಂದರೆ ನೆರಳಿನ ಅಂಚು ಮಸುಕಾಗುವುದು, ಅದು ಹೊರಬರುವ ಮೈ ಎಷ್ಟು ದೊಡ್ಡದು, ಮುಖಕ್ಕೆ ಎಷ್ಟು ಹತ್ತಿರ ಎನ್ನುವುದರ ಮೇಲೆ. ವ್ಯಾಟಿಗೂ ಅದಕ್ಕೂ ಸಂಬಂಧವಿಲ್ಲ. ಅಗ್ಗದ ರಿಂಗ್ ಲೈಟ್ ನನಗೆ ಹಿಡಿಸದಿರುವುದೂ ಈ ಕಾರಣಕ್ಕೆ: ಮೈ ಸಣ್ಣದು, ಸಾಲದ್ದಕ್ಕೆ ಕನ್ನಡಕದೊಳಗೆ ಎರಡು ಬಳೆ ಕುಳಿತುಬಿಡುತ್ತವೆ.

ನಾನು ಬಳಸುವುದು 45 ಸೆಂ.ಮೀ. ಚೌಕ, 25 ಸೆಂ.ಮೀ. ಆಳದ ರಟ್ಟಿನ ಪೆಟ್ಟಿಗೆ. ಒಳಗೆಲ್ಲ ಬಿಳಿ ಡ್ರಾಯಿಂಗ್ ಹಾಳೆ. ಬೇಗಡೆ ಹಾಳೆ ಹಚ್ಚಿದರೆ ಹೆಚ್ಚು ಬೆಳಕು ಬರುತ್ತದೆ ಎನ್ನುವವರಿದ್ದಾರೆ. ಬರುವುದು ನಿಜ, ಆದರೆ ಅದರ ಸುಕ್ಕುಗಳು ಕಾಗದದ ಮೇಲೆ ಮಚ್ಚೆಯಾಗಿ ಮೂಡುತ್ತವೆ. ಹಿಂಬದಿಯ ರಟ್ಟಿಗೆ ತೆಳು ಪ್ಲೈವುಡ್ ತುಂಡು ಕೂಡಿಸಿ, ಅದರ ಮೇಲೆ 12 ಸೆಂ.ಮೀ. ಅಂತರದಲ್ಲಿ ಎರಡು ಹೋಲ್ಡರ್, ತಲಾ 9 ವ್ಯಾಟಿನ ಎಲ್‌ಇಡಿ. ವಯರಿಂಗ್ ಪ್ಯಾರಲಲ್ (ಎರಡೂ ಹೋಲ್ಡರಿಗೆ ಕರೆಂಟು ಬೇರೆ ಬೇರೆಯಾಗಿ ಬರುವಂತೆ) ಆಗಿಯೇ ಇರಬೇಕು. ಸೀರೀಸ್ (ಒಂದರ ಮೂಲಕ ಇನ್ನೊಂದಕ್ಕೆ) ಕೊಟ್ಟರೆ ಎಲ್‌ಇಡಿ ಮಿಣುಕುತ್ತದೆ, ಇಲ್ಲ ಹತ್ತುವುದೇ ಇಲ್ಲ. ಎಲ್‌ಇಡಿ ಬಿಸಿಯಾಗುವುದು ಬುಡದಲ್ಲಿ, ಹಾಗಾಗಿ ಪೆಟ್ಟಿಗೆಯ ಮೇಲಂಚಿಗೂ ಕೆಳಗೂ ಎರಡು ಬೆರಳು ಹೋಗುವಷ್ಟು ದೊಡ್ಡ ತೂತುಗಳು ಬೇಕು. ಮೊದಲ ಮಳೆಯ ಸಂಜೆ ಮಳೆಹುಳ ನುಗ್ಗುವುದೂ ಇದೇ ದಾರಿಯಲ್ಲಿ. ಸೊಳ್ಳೆಪರದೆಯ ಚೂರು ಅಂಟಿಸಿ. ಹಳೆಯ ಬುರುಡೆ ಬಲ್ಬ್, ಹ್ಯಾಲೊಜೆನ್ ಇದರೊಳಗೆ ಬೇಡವೇ ಬೇಡ, ರಟ್ಟಿಗೆ ಬೆಂಕಿ ಹತ್ತಿಕೊಳ್ಳಬಹುದು.

ಎದುರಿಗೆ ಬಟರ್ ಪೇಪರ್, ಎರಡು ಪದರ. ಎರಡನ್ನೂ ಒಂದಕ್ಕೊಂದು ಅಂಟಿಸದೆ ನಡುವೆ 3 ಸೆಂ.ಮೀ. ಬಿಟ್ಟರೆ ಒಳಗಿನ ಪದರದಲ್ಲಿ ಹರಡಿದ ಬೆಳಕು ಹೊರಗಿನದರಲ್ಲಿ ಮತ್ತೊಮ್ಮೆ ಹರಡುತ್ತದೆ. ಬಲ್ಬಿನ ತಲೆಗೂ ಒಳಪದರಕ್ಕೂ ಇರುವ ದೂರ ಎರಡು ಬಲ್ಬುಗಳ ನಡುವಿನ ಅಂತರಕ್ಕಿಂತ ಕಡಿಮೆಯಾದರೆ ಕಾಗದದ ಮೇಲೆ ಎರಡು ಉರುಟು ಬೆಳಗುತ್ತವೆ, ನೆರಳೂ ಜೋಡಿಯಾಗುತ್ತದೆ. ಆಳ ಸಾಲದೆ ಹೋದರೆ ಪೆಟ್ಟಿಗೆಯ ಬಾಯಿಗೆ ರಟ್ಟಿನ ಪಟ್ಟಿ ಸೇರಿಸಿ ಉದ್ದ ಮಾಡಿಕೊಳ್ಳಿ. ಪದರ ಬಿಗಿಯಲು ಅಡಿಕೆ ದಬ್ಬೆಯನ್ನು ತೆಳ್ಳಗೆ ಸೀಳಿ ಚೌಕಟ್ಟು ಕಟ್ಟಿದರೆ ಸಾಕು. ಕಾಗದದ ಬದಲು ಬಿಳಿ ಪಂಚೆಯೂ ನಡೆಯುತ್ತದೆ, ಆದರೆ ನೀಲಿ ಹಾಕಿ ಒಗೆದದ್ದು ಬೇಡ, ಮುಖಕ್ಕೆ ಆ ಬಣ್ಣ ಬರುತ್ತದೆ.

ಬಲ್ಬ್ ಕೊಳ್ಳುವಾಗ ಪೊಟ್ಟಣದ ಮೇಲೆ ಮೂರು ಸಂಗತಿ ನೋಡಿ. ಬಣ್ಣ: ಕಿಟಕಿಯ ಬೆಳಕೂ ಮುಖಕ್ಕೆ ಬೀಳುವುದಾದರೆ 6500 ಕೆಲ್ವಿನ್, ಏಕೆಂದರೆ ಮೋಡದ ಬೆಳಕೂ ಹೆಚ್ಚು ಕಡಿಮೆ ಅಷ್ಟೇ, ರಾತ್ರಿ ಮಾತ್ರ ಕೆಲಸವಿದ್ದರೆ 4000 ಹಿತ. ಹಳದಿ ಬಲ್ಬನ್ನು ಕಿಟಕಿಯ ಜೊತೆ ಬೆರೆಸಿದರೆ ಒಂದು ಕೆನ್ನೆ ಅರಿಶಿನ, ಇನ್ನೊಂದು ನೀಲಿ. ಸಿಆರ್‌ಐ (ಬಣ್ಣಗಳನ್ನು ಎಷ್ಟು ನೈಜವಾಗಿ ತೋರಿಸುತ್ತದೆ ಎನ್ನುವ ಅಂಕ) 80ಕ್ಕೆ ಕಡಿಮೆ ಇರಬಾರದು. ಮೂರನೆಯದು ವೋಲ್ಟೇಜು. ಲೈನಿನ ತುದಿಯ ಊರುಗಳಲ್ಲಿ ಸಂಜೆ ಪಂಪು, ಮಿಕ್ಸರು ಒಟ್ಟಿಗೆ ನಡೆದಾಗ ವೋಲ್ಟೇಜು ಕುಸಿಯುತ್ತದೆ. ಡ್ರೈವರ್ (ಬಲ್ಬಿನೊಳಗೆ ಕರೆಂಟನ್ನು ಹದಮಾಡುವ ಸರ್ಕ್ಯೂಟ್) ಸರಿ ಇಲ್ಲದ ಬಲ್ಬ್ ಆಗ ಮಂದವಾಗುತ್ತದೆ, ಅದರ ಜೊತೆ ಕ್ಯಾಮೆರಾದ ಎಕ್ಸ್‌ಪೋಶರ್, ಅಂದರೆ ಚಿತ್ರದ ಹೊಳಪು, ಏರಿಳಿಯುತ್ತದೆ. 100ರಿಂದ 300 ವೋಲ್ಟ್ ಎಂದು ಬರೆದದ್ದನ್ನೇ ಕೇಳಿ. ಅಂಗಡಿಯಲ್ಲೇ ಹಚ್ಚಿಸಿ ಮೊಬೈಲ್ ಕ್ಯಾಮೆರಾ ಹಿಡಿಯಿರಿ. ಪರದೆಯಲ್ಲಿ ದಪ್ಪ ಕಪ್ಪು ಪಟ್ಟಿ ಓಡಿದರೆ ಆ ಬಲ್ಬ್ ಬಿಡಿ.

ಪಟ್ಟಿಯ ತೊಂದರೆ ಅರ್ಧ ಕ್ಯಾಮೆರಾದ್ದೂ ಹೌದು. ನಮ್ಮ ಕರೆಂಟು 50 ಹರ್ಟ್ಸ್, ಬಲ್ಬ್ ಸೆಕೆಂಡಿಗೆ 100 ಸಲ ಮಿಡಿಯುತ್ತದೆ. ವೆಬ್‌ಕ್ಯಾಮ್ ಸೆಟ್ಟಿಂಗಿನಲ್ಲಿ ಆಂಟಿ ಫ್ಲಿಕರ್ (ಮಿಣುಕು ತಡೆಯುವ ಆಯ್ಕೆ) 60ಕ್ಕೆ ಇದ್ದರೆ 50 ಮಾಡಿ. ಶಟರ್ ಕೈಯಿಂದ ಇಡಲು ಬಂದರೆ 1/50 ಅಥವಾ 1/100 ಸೆಕೆಂಡ್. ವೈಟ್ ಬ್ಯಾಲೆನ್ಸ್ (ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ಬಣ್ಣದ ಹೊಂದಾಣಿಕೆ) ಆಟೋದಲ್ಲಿ ಬಿಡಬೇಡಿ, ಬಣ್ಣದ ಅಂಗಿ ತೊಟ್ಟು ಕುಳಿತರೆ ಮುಖದ ಬಣ್ಣ ಬದಲಾಗುತ್ತಿರುತ್ತದೆ.

ಪೆಟ್ಟಿಗೆ ಇಡುವುದು ಪರದೆಯ ಪಕ್ಕಕ್ಕೆ, ಸುಮಾರು 45 ಡಿಗ್ರಿ ಓರೆಗೆ, ಕೆಳಅಂಚು ಕಣ್ಣಿನ ಮಟ್ಟಕ್ಕೆ ಬರುವಂತೆ, ತುಸು ಕೆಳಗೆ ಬಾಗಿಸಿ. ದೂರ 70-80 ಸೆಂ.ಮೀ. ಅದನ್ನೇ ಒಂದೂವರೆ ಮೀಟರಿಗೆ ಒಯ್ದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ, ಮೂಗಿನ ನೆರಳಿನ ಅಂಚು ಮತ್ತೆ ಚೂಪಾಗುತ್ತದೆ. ಕನ್ನಡಕದಲ್ಲಿ ಬಿಳಿ ಚೌಕ ಕಂಡರೆ ಪೆಟ್ಟಿಗೆಯನ್ನು ಒಂದು ಗೇಣು ಮೇಲೇರಿಸಿ. ಹೋಗದಿದ್ದರೆ 60 ಡಿಗ್ರಿಗೆ ಸರಿಸಿ.

ಇನ್ನೊಂದು ಕೆನ್ನೆಯ ಕಡೆ ದೀಪ ಬೇಕಿಲ್ಲ, ಬಿಳಿ ಥರ್ಮೋಕೋಲ್ ಸಾಕು. ಕಾರವಾರದಲ್ಲಿ ಮೀನಿನ ಐಸ್ ಪೆಟ್ಟಿಗೆ ಮಾರುವ ಕಡೆ ಹೊಸ ಮುಚ್ಚಳ ಬಿಡಿಯಾಗಿ ಸಿಕ್ಕರೆ ತಂದುಕೊಳ್ಳಿ (ಬಳಸಿದ್ದರ ವಾಸನೆ ತೊಳೆದರೂ ಹೋಗದು). ಪ್ರತಿಫಲಿಸಲು ಮಾತ್ರ ಅದು. ಬಲ್ಬಿನ ಪೆಟ್ಟಿಗೆಯನ್ನೇ ಥರ್ಮೋಕೋಲಿನಲ್ಲಿ ಮಾಡಬೇಡಿ. ಗೋಡೆಗೆ ಗಿಳಿಹಸಿರು ಬಣ್ಣವಿದ್ದರೆ ಆ ಹಸಿರೇ ಗಲ್ಲಕ್ಕೆ ಬರುತ್ತದೆ, ಮುಚ್ಚಳವನ್ನು ಮುಖಕ್ಕೂ ಗೋಡೆಗೂ ನಡುವೆ ನಿಲ್ಲಿಸಿ.

ಕರಾವಳಿಯಲ್ಲಿ ಉಪ್ಪುಗಾಳಿಗೆ ಹೋಲ್ಡರಿನ ಹಿತ್ತಾಳೆ ಪಿನ್ನು ಹಸಿರುಗಟ್ಟಿ, ಸ್ಪ್ರಿಂಗು ಸಿಕ್ಕಿಕೊಂಡು ಬಲ್ಬ್ ಚಿಟಿಚಿಟಿ ಎನ್ನುತ್ತದೆ. ಪ್ಲಗ್ ಕಿತ್ತು ಪಿನ್ನಿಗೆ ಸಣ್ಣ ಮರಳುಕಾಗದ ಆಡಿಸಿದರೆ ಸರಿಯಾಗುತ್ತದೆ. ಕಟ್ಟಲು ಬೈಂಡಿಂಗ್ ವಯರ್ ಬೇಡ, ನೈಲಾನ್ ದಾರ ಇರಲಿ. ಬಟರ್ ಪೇಪರಿಗೆ ಆಗಸ್ಟ್ ಹೊತ್ತಿಗೆ ಬೂಷ್ಟು ಬಂದು ಕಂದು ಚುಕ್ಕೆ ಏಳುತ್ತವೆ, ಬೆಳಕೂ ಹಳದಿಗೆ ತಿರುಗುತ್ತದೆ. ದಬ್ಬೆ ಚೌಕಟ್ಟಿಗೆ ಅಂಟಿನ ಬದಲು ಬಟ್ಟೆ ಕ್ಲಿಪ್ಪು ಹಾಕಿದ್ದರೆ ಹಾಳೆ ಬದಲಿಸುವುದು ಐದು ನಿಮಿಷದ ಕೆಲಸ.